ಕೆದಕಿದರೆ ನೋವು ಹೋಗುತ್ತದೆಯೇ?

1880ರ ಕೊನೆಯಲ್ಲಿ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಇಪ್ಪತ್ತೊಂದು ವರ್ಷದ ಯುವತಿಯೊಬ್ಬಳಿಗೆ ಚಿಕಿತ್ಸೆ ಶುರುಮಾಡಿದರು. ಕಾಯಿಲೆ ಬಿದ್ದ ತಂದೆಯ ಆರೈಕೆಯಲ್ಲಿ ಬಳಲಿದ್ದ ಆಕೆಗೆ ಕೈಕಾಲು ಮರಗಟ್ಟುತ್ತಿದ್ದವು, ದೃಷ್ಟಿ ಕೈಕೊಡುತ್ತಿತ್ತು. ತಾಯ್ನುಡಿ ಜರ್ಮನ್ ಬಾಯಿಗೆ ಬರದೆ ಇಂಗ್ಲಿಷಿನಲ್ಲಷ್ಟೇ ಮಾತಾಡುವ ದಿನಗಳಿದ್ದವು. ಒಂದೊಂದು ತೊಂದರೆಯೂ ಮೊದಲು ತಲೆದೋರಿದ ಸಂದರ್ಭವನ್ನು ನೆನಪಿಗೆ ತಂದುಕೊಂಡು ಹೇಳಿಬಿಟ್ಟರೆ ಆ ತೊಂದರೆ ಹೋಗಿಬಿಡುತ್ತಿತ್ತು ಎಂದು ಬ್ರಾಯರ್ ದಾಖಲಿಸಿದರು. 1895ರಲ್ಲಿ ಫ್ರಾಯ್ಡ್ ಜೊತೆಗೂಡಿ ಅವರು ತಂದ ಹಿಸ್ಟೀರಿಯಾ ಕುರಿತ ಪುಸ್ತಕದಲ್ಲಿ ಆಕೆ ‘ಆನಾ ಓ’. ಹೂತುಹೋದ ನೆನಪನ್ನು ಹೊರತೆಗೆದರೆ ಮನಸ್ಸು ವಾಸಿಯಾಗುತ್ತದೆ ಎಂಬ ಆಧುನಿಕ ನಂಬಿಕೆ ಬಹುಮಟ್ಟಿಗೆ ಈ ಒಂದು ಕಥೆಯಿಂದ ಬೆಳೆದದ್ದು.

ಆದರೆ ಪುಸ್ತಕದಲ್ಲಿ ಗುಣವಾದ ಆನಾ ಓ ನಿಜಜೀವನದಲ್ಲಿ ಹಾಗೆ ಗುಣವಾಗಿರಲಿಲ್ಲ. ಆಕೆಯ ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. ಬ್ರಾಯರ್ ಚಿಕಿತ್ಸೆ ನಿಲ್ಲಿಸಿದ 1882ರಲ್ಲೇ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್ ಊರಿನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿಸಬೇಕಾಯಿತು. ಇತಿಹಾಸಕಾರ ಆನ್ರಿ ಎಲೆನ್‌ಬರ್ಗರ್ ಅಲ್ಲಿಯ ಕಡತಗಳನ್ನು ಹುಡುಕಿ 1972ರಲ್ಲಿ ಇದನ್ನು ಬಯಲಿಗೆ ತಂದರು. ಮುಂದೆ ಆಕೆ ಫ್ರಾಂಕ್‌ಫರ್ಟಿನಲ್ಲಿ ಅನಾಥ ಹುಡುಗಿಯರ ಆಶ್ರಮ ನೋಡಿಕೊಂಡರು, 1904ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದರು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಜೀವಮಾನವಿಡೀ ಹೋರಾಡಿದರು. ಆಕೆ ಚೇತರಿಸಿಕೊಂಡದ್ದು ನೆನಪನ್ನು ಬಗೆದು ಹೇಳಿದ್ದರಿಂದಲೋ, ಈ ಕೆಲಸದಿಂದಲೋ? ನನಗೆ ಎರಡನೆಯದರ ಮೇಲೆಯೇ ಹೆಚ್ಚು ನಂಬಿಕೆ.

ಹಾಗೆಂದು ಹಿಂದಿನದಕ್ಕೆ ಮರಳುವ ಚಿಕಿತ್ಸೆಯೆಲ್ಲ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ನೆನಪಿನೊಳಗೆ ಯಾರು ಇಳಿಯಬೇಕು, ಯಾವಾಗ ಇಳಿಯಬೇಕು, ಯಾರು ಜೊತೆಗಿರಬೇಕು ಎನ್ನುವುದನ್ನು ತೀರ್ಮಾನಿಸುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೊಂದವರೇ ತೀರ್ಮಾನಿಸಿದರೆ ಅದು ಮದ್ದಾಗಬಹುದು. ಬೇರೆಯವರ ಆತುರಕ್ಕೆ ನಡೆದರೆ ಅದೇ ಇನ್ನೊಂದು ಪೆಟ್ಟು.

ಈ ಮಾತಿಗೆ ಗಟ್ಟಿಯಾದ ಆಧಾರವಿದೆ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅಗ್ನಿಶಾಮಕ ದಳ, ಆಂಬುಲೆನ್ಸ್ ಸಿಬ್ಬಂದಿಗಾಗಿ ಒಂದು ವಿಧಾನ ರೂಪಿಸಿದರು. ಭೀಕರ ಘಟನೆ ನಡೆದ ಕೆಲವೇ ದಿನಗಳೊಳಗೆ ಎಲ್ಲರನ್ನೂ ಕೂರಿಸಿ, ಏನಾಯಿತು, ಏನನಿಸಿತು ಎಂದು ಹೇಳಿಸುವುದು. ಡಿಬ್ರೀಫಿಂಗ್ ಎಂಬ ಹೆಸರಿನಲ್ಲಿ ಅದು ಬಲುಬೇಗ ಜಗತ್ತಿನೆಲ್ಲೆಡೆ ಹಬ್ಬಿತು. ಪೊಲೀಸರಿಗೆ, ಬ್ಯಾಂಕ್ ದರೋಡೆಗೆ ಸಿಕ್ಕವರಿಗೆ, ಅಪಘಾತದಲ್ಲಿ ಉಳಿದವರಿಗೆ, ಕೊನೆಗೆ ಹೆರಿಗೆಯಾದ ತಾಯಂದಿರಿಗೂ ಅದನ್ನು ಮಾಡಿದರು. ಮಾತಾಡಿಬಿಟ್ಟರೆ ಹಗುರವಾಗುತ್ತದೆ ಎನ್ನುವುದನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಈ ವಿಧಾನವನ್ನು ಒರೆಗೆ ಹಚ್ಚಿದ ಪರೀಕ್ಷೆಗಳ ಫಲಿತಾಂಶ ಬಂದಾಗ ಚಿತ್ರವೇ ಬೇರೆ. 2002ರ ಕಾಕ್ರೇನ್ ಪರಾಮರ್ಶೆ ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಒಂದೇ ಬಾರಿ ಕೂರಿಸಿ ಹೇಳಿಸುವುದರಿಂದ ಮುಂದಿನ ಮಾನಸಿಕ ಆಘಾತ ತಪ್ಪುವುದಿಲ್ಲ ಎಂದು ತಿಳಿಯಿತು. ಬ್ರಿಟನ್ನಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷದ ತನಕ ಗಮನಿಸಿದ ಅಧ್ಯಯನವಂತೂ ಎದೆ ನಡುಗಿಸುವಂಥದ್ದು. ಮೊದಲಲ್ಲೇ ತುಂಬ ತತ್ತರಿಸಿದ್ದವರ ಪೈಕಿ, ಯಾರೂ ಏನೂ ಕೇಳದೆ ಬಿಟ್ಟವರು ಕಾಲಕ್ರಮದಲ್ಲಿ ಸುಧಾರಿಸಿಕೊಂಡರು. ಕೂರಿಸಿ ಹೇಳಿಸಿಕೊಂಡವರು ಮೂರು ವರ್ಷವಾದರೂ ಅಲ್ಲೇ ಉಳಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಈ ಪದ್ಧತಿ ಬೇಡವೆಂದಿತು. ಈಗ ಅವಘಡ ನಡೆದಲ್ಲಿಗೆ ಹೋಗುವ ಕಾರ್ಯಕರ್ತರಿಗೆ ಹೇಳಿಕೊಡುವುದು ಬೇರೆಯೇ ಪಾಠ: ನೀರು ಕೊಡಿ, ಮನೆಯವರನ್ನು ಹುಡುಕಿಕೊಡಿ, ಪಕ್ಕದಲ್ಲಿರಿ. ಅವರಾಗಿ ಮಾತಾಡಿದರೆ ಕೇಳಿ, ಬಾಯಿಬಿಡಿಸಲು ಹೋಗಬೇಡಿ.

ಇನ್ನು ಒಬ್ಬರೇ ಕೂತು ಕೊರಗುವುದು. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪವಾಗುವುದಕ್ಕೆ ಎರಡು ವಾರ ಮೊದಲು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಅಲ್ಲಿಯ ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ಅಳೆದಿಟ್ಟಿದ್ದರು. ಭೂಕಂಪದ ಬಳಿಕ ಮತ್ತೆ ನೋಡಿದರೆ, ಬೇಸರವಾದಾಗ ‘ನನಗೇ ಯಾಕೆ ಹೀಗೆ’ ಎಂದು ಅದನ್ನೇ ತಿರುವಿಹಾಕುವ ಸ್ವಭಾವದವರಲ್ಲಿ ಖಿನ್ನತೆ ಹೆಚ್ಚಾಗಿತ್ತು. ಅವರೂ ಹಿಂದಿನದಕ್ಕೆ ಮರಳುತ್ತಿದ್ದವರೇ, ದಿನಕ್ಕೆ ಎಷ್ಟೋ ಸಲ. ಆದರೆ ಪ್ರತಿಸಲವೂ ಅದೇ ಬಾಗಿಲಿಂದ ಹೊಕ್ಕು ಅದೇ ಬಾಗಿಲಿಂದ ಬರುತ್ತಿದ್ದರು.

ಹಾಗಾದರೆ ನೆನಪಿಗೆ ಮರಳುವುದರಿಂದ ಗುಣ ಸಿಗುವುದು ಎಲ್ಲಿ? ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಬೆಳೆಸಿದ ಚಿಕಿತ್ಸೆಯನ್ನು ಹತ್ತಿರದಿಂದ ನೋಡಬೇಕು. ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಜೊತೆ ಕೆಲಸ ಮಾಡುತ್ತ ಅದು ರೂಪುಗೊಂಡಿತು. ಸಾಮಾನ್ಯವಾಗಿ ಎಂಟರಿಂದ ಹದಿನೈದು ಭೇಟಿ, ಒಂದೊಂದೂ ಸುಮಾರು ಒಂದೂವರೆ ಗಂಟೆ. ಮೊದಲ ದಿನವೇ ನೆನಪಿಗೆ ಕೈಹಾಕುವುದಿಲ್ಲ. ಏನು ಮಾಡಲಿದ್ದೇವೆ, ಯಾಕೆ ಮಾಡಲಿದ್ದೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಆಮೇಲೆ ನೊಂದವರು ಕಣ್ಣು ಮುಚ್ಚಿ, ಎಲ್ಲವೂ ಈಗ ನಡೆಯುತ್ತಿದೆ ಎನ್ನುವಂತೆ ಹೇಳುತ್ತಾರೆ. ಬೈಕ್ ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡವನಾದರೆ ಹೀಗೆ: “ಲಾರಿ ಎದುರಿಗೆ ಬರ್ತಾ ಇದೆ, ತಮ್ಮ ನನ್ನ ಹೆಗಲು ಹಿಡ್ಕೊಂಡಿದಾನೆ.” ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲೂ ದಿನವೂ ಕೇಳಬೇಕು. ಜೊತೆಗೆ, ಹೆದರಿ ಬಿಟ್ಟುಬಿಟ್ಟ ರಸ್ತೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಮೆಲ್ಲಮೆಲ್ಲಗೆ ಓಡಾಡಲು ಶುರುಮಾಡಬೇಕು.

ಮೇಲುನೋಟಕ್ಕೆ ಇದು ಕ್ರೌರ್ಯದಂತೆ ಕಾಣುತ್ತದೆ. ಆದರೆ ಕೊರಗುವವರು ಎಂದೂ ಮಾಡದ ಒಂದು ಕೆಲಸ ಇಲ್ಲಿ ಆಗುತ್ತದೆ. ಅವರು ಘಟನೆಯ ಸುತ್ತ ಸುತ್ತುತ್ತಾರೆ, ತೀರ್ಪು ಕೊಟ್ಟುಕೊಳ್ಳುತ್ತಾರೆ, ಅದರ ನಡುವಿಗೆ ಮಾತ್ರ ಕಾಲಿಡುವುದಿಲ್ಲ. ನಡುವಿಗೆ ಹೋಗಿ ಒಂದೊಂದೇ ಕ್ಷಣ ಹೇಳುತ್ತ ಹೋದಂತೆ, ‘ನಾನು ಬೈಕ್ ತಿರುಗಿಸಬಹುದಿತ್ತು, ತಮ್ಮ ಉಳೀತಿದ್ದ’ ಎಂದು ವರ್ಷಗಟ್ಟಲೆ ತನ್ನನ್ನೇ ಸುಟ್ಟುಕೊಂಡವನಿಗೆ ಲಾರಿ ಕಂಡದ್ದಕ್ಕೂ ಬಡಿದದ್ದಕ್ಕೂ ನಡುವೆ ಉಸಿರೆಳೆಯುವಷ್ಟೂ ಹೊತ್ತಿರಲಿಲ್ಲ ಎಂಬುದು ಕಾಣುತ್ತದೆ. ಆ ಅರಿವನ್ನು ಯಾರೂ ಹೊರಗಿಂದ ಕೊಡಲಾರರು. ನೂರು ಜನ ‘ನಿನ್ನ ತಪ್ಪಿಲ್ಲ’ ಎಂದರೂ ಒಳಗಿಳಿಯದ ಮಾತು ಸ್ವಂತ ಬಾಯಿಂದ ಬಂದ ವಿವರದಲ್ಲಿ ಇಳಿಯುತ್ತದೆ. ನೆನಪು ಅಳಿಸಿಹೋಗುವುದಿಲ್ಲ, ಆದರೆ ನೆನೆದಾಗ ಎದೆ ಬಡಿದುಕೊಂಡರೂ ಪ್ರಾಣಕ್ಕೇನೂ ಆಗುವುದಿಲ್ಲ ಎಂದು ಮೈ ಕಲಿಯುತ್ತದೆ. ದಶಕಗಳ ಪರೀಕ್ಷೆಯಲ್ಲಿ ಈ ಚಿಕಿತ್ಸೆ ನಿಂತಿದೆ. ನಾನು ಪೂರ್ಣ ಮನಸ್ಸಿನಿಂದ ಇದರ ಪರ.

ಆದರೂ ಇದೊಂದೇ ದಾರಿ ಎನ್ನಲಾರೆ. ನಡುವೆಯೇ ಬಿಟ್ಟುಹೋಗುವವರು ಇದರಲ್ಲಿ ಕಡಿಮೆಯಿಲ್ಲ. ಇಂಥ ಚಿಕಿತ್ಸೆಗಳ ಜೊತೆ ಹೋಲಿಸಿ ನೋಡುವುದಕ್ಕೆಂದೇ ಸಂಶೋಧಕರು ಹಳೆಯದನ್ನು ಮುಟ್ಟದೆ ಇವತ್ತಿನ ನಿದ್ದೆ, ಸಿಟ್ಟು, ಸಂಬಂಧಗಳ ಬಗ್ಗೆ ಮಾತ್ರ ಮಾತಾಡುವ ಇನ್ನೊಂದು ಚಿಕಿತ್ಸೆ ರೂಪಿಸಿದ್ದರು. ಅದರಿಂದಲೂ ಬಹಳ ಜನಕ್ಕೆ ಉಪಯೋಗವಾಯಿತು, ನಡುವೆ ಬಿಟ್ಟುಹೋದವರೂ ಕಡಿಮೆ. ಹಿಂದಕ್ಕೆ ಹೋಗದೆಯೂ ಮುಂದಕ್ಕೆ ನಡೆಯಬಹುದು ಎಂದಾಯಿತಲ್ಲ. ಆ ಕಡೆ ಹೋಗಲು ಮನಸ್ಸಿಲ್ಲದವರನ್ನು ‘ನೀವು ತಪ್ಪಿಸಿಕೊಳ್ಳುತ್ತಿದ್ದೀರಿ’ ಎಂದು ದೂರುವ ಆಪ್ತಸಮಾಲೋಚಕರು ಇದನ್ನು ಗಮನಿಸಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲದ ನೆನಪನ್ನು ಹುಟ್ಟಿಸುವ ಪದ್ಧತಿಗಳ ಮೇಲೆ. 1995ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 24 ಮಂದಿಗೆ, ನೀವು ಚಿಕ್ಕವರಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಕಥೆಯನ್ನು ಮನೆಯವರು ಹೇಳಿದ್ದೆಂದು ಕೊಟ್ಟರು. ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ‘ನೆನಪಿಸಿಕೊಂಡರು’. ಅದೇ ಕಾಲದಲ್ಲಿ ಅಮೆರಿಕದಲ್ಲಿ ಸಂಮೋಹನದ ಮೂಲಕ ಬಾಲ್ಯದ ದೌರ್ಜನ್ಯದ ನೆನಪುಗಳನ್ನು ‘ಹೊರತೆಗೆದದ್ದರಿಂದ’ ಎಷ್ಟೋ ಸಂಸಾರಗಳು ಒಡೆದಿದ್ದವು. ನಿಜವಾಗಿ ದೌರ್ಜನ್ಯ ಅನುಭವಿಸಿದ ಮಕ್ಕಳ ಮಾತನ್ನೂ ಜನ ಶಂಕಿಸುವಂತಾಯಿತು. ಅದು ಇನ್ನೂ ದೊಡ್ಡ ಅನ್ಯಾಯ. ನಮ್ಮಲ್ಲಿ ಇದರ ರೂಪ ಪೂರ್ವಜನ್ಮ ಚಿಕಿತ್ಸೆ. 1988ರಲ್ಲಿ ಬಂದ, ಅಮೆರಿಕದ ಮನೋವೈದ್ಯ ಬ್ರಯನ್ ವೈಸ್ ಅವರ ಪುಸ್ತಕದಿಂದ ಜನಪ್ರಿಯವಾದ ಅದು 2009ರಲ್ಲಿ ಹಿಂದಿ ಟೀವಿಯ ಕಾರ್ಯಕ್ರಮವೂ ಆಯಿತು. ಗಂಡ ಹೊಡೆಯುತ್ತಾನೆಂದು ಅಳುತ್ತ ಬಂದ ಹೆಣ್ಣುಮಗಳಿಗೆ ಹಿಂದಿನ ಜನ್ಮದ ಲೆಕ್ಕ ತೋರಿಸಿದರೆ, ಈ ಜನ್ಮದ ಹೊಡೆತ ಕಣ್ಣಿಂದ ಮರೆಯಾಗುತ್ತದೆ. ಮರುಜನ್ಮದಲ್ಲಿ ನಂಬಿಕೆಯಿರುವವರ ಬಗ್ಗೆ ನನಗೆ ಗೌರವವಿದೆ. ಆ ನಂಬಿಕೆಯನ್ನು ಚಿಕಿತ್ಸೆಯ ಹೆಸರಿನಲ್ಲಿ ಮಾರುವುದನ್ನು ಒಪ್ಪಲಾರೆ.

ಇತ್ತ ಮನೆಗಳಲ್ಲಿ ಕೇಳುವುದು ಇದಕ್ಕೆ ತದ್ವಿರುದ್ಧವಾದ ಮಾತು: “ಆಗಿದ್ದು ಆಗೋಯ್ತು, ಮರೆತುಬಿಡಮ್ಮ.” ಹೇಳುವವರ ಪ್ರೀತಿ ಸುಳ್ಳಲ್ಲ, ಆದರೆ ಕೇಳುವವಳಿಗೆ ಬಾಯಿ ಮುಚ್ಚು ಎಂದಂತಾಗುತ್ತದೆ. ಸಾವಿನ ಮನೆಯಲ್ಲಿ ಮಾತ್ರ ನಾವು ಬೇರೆ ಥರ ನಡೆದುಕೊಳ್ಳುತ್ತೇವೆ. ಬಂದವರೆಲ್ಲ ಹೇಗಾಯ್ತು ಎಂದು ಕೇಳುತ್ತಾರೆ. ಮಗ ಅದನ್ನೇ ಹೇಳುತ್ತಾನೆ, ರಾತ್ರಿ ಎದೆನೋವು ಬಂದದ್ದು, ಆಟೋ ಸಿಗದಿದ್ದದ್ದು. ವೈಕುಂಠ ಸಮಾರಾಧನೆಯ ಹೊತ್ತಿಗೆ ಅದೇ ಮಾತು ಅಳುವಿಲ್ಲದೆ ಬರುತ್ತದೆ. ಕೇಳಿದವರು ಅಲ್ಲೇ ಇರುವ ಜನ, ಅನ್ನ ತಂದುಕೊಡುವ ಜನ, ನಾಳೆಯೂ ಬರುವ ಜನ. ಆತ್ಮಹತ್ಯೆಯಾದ ಮನೆಯಲ್ಲಿ ಅದೇ ಪ್ರಶ್ನೆ ವಿಚಾರಣೆಯಾಗಿಬಿಡುತ್ತದೆ ಎನ್ನುವುದನ್ನೂ ಇಲ್ಲೇ ಹೇಳಬೇಕು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಆಳವಾಗಿ ಕಂಡವರು ತ್ರಿವೇಣಿ. ಅವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದರು. ಅದರ ನಾಯಕಿ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯಲ್ಲಿ, ಬೀದಿಯಲ್ಲಿ ಜನ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಗಂಡ ಇನ್ನೊಬ್ಬಳ ಕಡೆ ವಾಲಿರುತ್ತಾನೆ. ಅವಳು ಮತ್ತೆ ಕುಸಿದು ಆಸ್ಪತ್ರೆಗೇ ಮರಳುತ್ತಾಳೆ. ಎರಡನೆಯ ಸಲ ಅವಳನ್ನು ಕೆಡವಿದ್ದು ಹಳೆಯ ನೆನಪಲ್ಲ, ಇವತ್ತಿನ ಮನೆ. ವೈದ್ಯರ ಮುಂದೆ ಎಷ್ಟು ಚೆನ್ನಾಗಿ ಹಿಂದಿನದನ್ನು ಬಿಡಿಸಿಕೊಂಡರೂ, ಅದನ್ನು ಹೊತ್ತು ಮರಳುವ ಮನೆ ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಮನೆಯವರನ್ನೂ ಚಿಕಿತ್ಸೆಯೊಳಗೆ ತರಬಹುದು. ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಚಿಕಿತ್ಸಾ ಕೇಂದ್ರವಿದೆ. ಇವತ್ತು ಊರೂರಲ್ಲಿ ಬೋರ್ಡು ಹಾಕಿ ಕೂತಿರುವ ಸಮಾಲೋಚಕರು ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎನ್ನುವುದಕ್ಕೆ ಮುಂಚೆ, ‘ಇಲ್ಲಿಂದ ಎದ್ದು ಯಾರಿರುವ ಮನೆಗೆ ಹೋಗುತ್ತೀರಿ’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಲಿ.