ಅವಸರವಿಲ್ಲದ ಕಾಲು

ಎದುರಾಳಿಗೆ ಬೆನ್ನು ಕೊಟ್ಟು, ಚೆಂಡನ್ನು ಅಂಗಾಲಡಿ ಒತ್ತಿಹಿಡಿದು, ಅರ್ಜೆಂಟೀನಾದ ಫುಟ್ಬಾಲ್ ಆಟಗಾರ ಹುವಾನ್ ರೊಮಾನ್ ರಿಕೆಲ್ಮೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆ ಒಂದು ಗಳಿಗೆಗಾಗಿಯೇ ಅವನ ಆಟ ನೋಡಬೇಕು.

2000ರ ಲಿಬರ್ಟಡೋರೆಸ್ ಕಪ್, ದಕ್ಷಿಣ ಅಮೆರಿಕದ ಕ್ಲಬ್‌ಗಳ ಪಂದ್ಯಾವಳಿ. ಅವನ ಕ್ಲಬ್ ಬೊಕಾ ಜೂನಿಯರ್ಸ್ ಎದುರು ಬದ್ಧವೈರಿ ರಿವರ್ ಪ್ಲೇಟ್. ಅಂಚಿನ ಗೆರೆಯ ಬಳಿ ರಿವರ್‌ನ ರಕ್ಷಣಾ ಆಟಗಾರ ಯೆಪೆಸ್ ಅವನ ಬೆನ್ನಿಗಂಟಿ ನಿಂತಿದ್ದ. ರಿಕೆಲ್ಮೆ ಅಂಗಾಲಿನಿಂದ ಚೆಂಡನ್ನು ಮೆಲ್ಲಗೆ ಹಿಂದಕ್ಕೆಳೆದ. ಅದು ಯೆಪೆಸ್‌ನ ಕಾಲುಗಳ ನಡುವೆ ನುಸುಳಿತು. ರಿಕೆಲ್ಮೆ ಪಕ್ಕದಿಂದ ಸುತ್ತಿಬಂದು ಅದನ್ನು ಮತ್ತೆ ಕೂಡಿಕೊಂಡ. ಅದೇ ವರ್ಷ ಟೋಕಿಯೊದಲ್ಲಿ ಬೊಕಾ 2-1ರಿಂದ ರಿಯಲ್ ಮ್ಯಾಡ್ರಿಡನ್ನು ಮಣಿಸಿತು. ಜೊತೆಗಾರ ಪಲೆರ್ಮೊನ ಎರಡನೇ ಗೋಲಿಗೆ ದೂರದಿಂದ ಅಳೆದು ಕಳಿಸಿದ ಪಾಸ್ ಇವನದೇ.

ಮುಂದೆ ಅವನು ಸೇರಿದ ಸ್ಪೇನಿನ ಬಾರ್ಸಿಲೋನಾಕ್ಕೆ ಅವನ ನಿಧಾನ ಒಗ್ಗಲಿಲ್ಲ. ಅದೇ ದೇಶದ ಪುಟ್ಟ ಊರಿನ ಕ್ಲಬ್ ವಿಲ್ಲಾರ್ರಿಯಲ್ ಅದನ್ನೇ ನೆಚ್ಚಿ 2006ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಮುಟ್ಟಿತು. ಅಲ್ಲಿ ಕೊನೆಗಳಿಗೆಯ ಅವನ ಪೆನಾಲ್ಟಿಯನ್ನು ಆರ್ಸೆನಲ್‌ನ ಗೋಲ್‌ಕೀಪರ್ ಲೇಮನ್ ತಡೆದುಬಿಟ್ಟ. ಆ ನೋವು ಅವನನ್ನು ಮುಗಿಸಲಿಲ್ಲ. ಮರುವರ್ಷ ಬೊಕಾಕ್ಕೆ ಮರಳಿದವನು ಬ್ರೆಜಿಲ್‌ನ ಗ್ರೇಮಿಯೊ ವಿರುದ್ಧದ ಎರಡು ಕಂತಿನ ಫೈನಲ್‌ನಲ್ಲಿ ಮೂರು ಗೋಲು ಹೊಡೆದು ಲಿಬರ್ಟಡೋರೆಸ್ ಕಪ್ ಎತ್ತಿದ.

ಬಾಲ್ಯದಲ್ಲಿ ತನ್ನನ್ನು ತಿದ್ದಿದ ಅರ್ಜೆಂಟಿನೋಸ್ ಜೂನಿಯರ್ಸ್ ಕ್ಲಬ್ಬನ್ನು 2014ರಲ್ಲಿ ಮತ್ತೆ ಮೇಲಿನ ದರ್ಜೆಗೆ ಏರಿಸಿ, ಋಣ ತೀರಿಸಿದವನಂತೆ ಬೂಟು ಕಳಚಿಟ್ಟ.