ಮುಳ್ಳುತಂತಿಗೆ ಗೂಟವಾದ ಮರ

ಓಸೇಜ್ ಆರೆಂಜ್ ಮರದ ಹಣ್ಣನ್ನು ಹೆಚ್ಚಿದರೆ ಮಲೆನಾಡಿನವರು ಮೊದಲು ಕೇಳುವುದು ಕೊಬ್ಬರಿ ಎಣ್ಣೆಯನ್ನೇ. ಕೈಗೂ ಚಾಕುವಿಗೂ ಅಂಟುವ ಬಿಳಿ ಸೋನೆ! ಹೆಸರಲ್ಲಿ ಆರೆಂಜ್ ಇದ್ದರೂ ಈ ಮರ ಕಿತ್ತಳೆಯ ಬಳಗವಲ್ಲ, ಹಲಸಿನ ಬಳಗ. ಹಸಿರು ಚೆಂಡಿನ ಮೈತುಂಬ ಮಿದುಳಿನ ಹಾಗೆ ಸುರುಳಿಗಳು. ಆದರೆ ಒಳಗೆ ತೊಳೆ ಹುಡುಕಿದವರಿಗೆ ಸಿಗುವುದು ಬರೀ ನಾರು. ವಿಷವಲ್ಲ, ತಿನ್ನಲೂ ಆಗದು. ಅಳಿಲು ಮಾತ್ರ ಪಟ್ಟು ಹಿಡಿದು ಸಿಗಿದು ಬೀಜ ಹೆಕ್ಕುತ್ತದೆ. ಅಳಿದುಹೋದ ಮ್ಯಾಸ್ಟೊಡಾನ್‌ನಂಥ ದೈತ್ಯ ಪ್ರಾಣಿಗಳು ಇದನ್ನು ನುಂಗಿ ಬೀಜ ಹರಡುತ್ತಿದ್ದವು ಎಂದು ವಾದಿಸುವ ಜೀವವಿಜ್ಞಾನಿಗಳಿದ್ದಾರೆ. ಸೊಗಸಾದ ಊಹೆ, ನಾನಿನ್ನೂ ಪೂರ್ತಿ ಒಪ್ಪಿಲ್ಲ.

ಮರದ ರುಚಿ ಬಲ್ಲವರು ಹಣ್ಣು ಬಿಟ್ಟು ಚೇಗು ನೋಡಬೇಕು. ಕೊಯ್ದಾಗ ಹೊಳೆಯುವ ಹಳದಿ, ಬಿಸಿಲು ಕಂಡಂತೆ ಕಂದು. ಹಲಸಿನ ಚೇಗಿನಂತೆ ಇದೂ ಬಟ್ಟೆಗೆ ಹಳದಿ ಬಣ್ಣ ಕೊಡುತ್ತದೆ. ಟೆಕ್ಸಾಸ್, ಓಕ್ಲಹೋಮ, ಅರ್ಕಾನ್ಸಾಸ್ ಸೇರುವ ರೆಡ್ ನದಿಯ ಸೀಮೆ ಇದರ ತವರು. ಅಮೆರಿಕದ ಮೂಲನಿವಾಸಿಗಳಾದ ಓಸೇಜ್ ಜನರ ಬಿಲ್ಲುಗಳು ಇದರವೇ. ಇಂದಿಗೂ ಬಿಲ್ಲು ಮಾಡುವವರು ತೊಗಟೆ, ಬಿಳಿ ಮರ ಎರಡನ್ನೂ ಹೆರೆದು, ಬಿಲ್ಲಿನ ಬೆನ್ನುದ್ದಕ್ಕೂ ಒಂದೇ ವರ್ಷದ ಬಳೆ ಉಳಿಯುವಂತೆ ಕತ್ತಿ ಆಡಿಸುತ್ತಾರೆ. ನಡುವೆ ಆ ಬಳೆ ಕಡಿದರೆ ಎಳೆದಾಗ ಬಿಲ್ಲು ಮುರಿದೀತು.

ಈ ಮರ ಬೇಲಿಯಾದ ಕಥೆ 1840ರ ದಶಕದ್ದು. ಇಲಿನಾಯ್‌ನ ಹುಲ್ಲುಗಾವಲಿನಲ್ಲಿ ಬೇಲಿಗೆ ಕಲ್ಲೂ ಇಲ್ಲ, ಮರವೂ ಇಲ್ಲ. ಅಲ್ಲಿನ ಜೊನಾಥನ್ ಬಾಲ್ಡ್ವಿನ್ ಟರ್ನರ್ ಎಂಬ ಪ್ರಾಧ್ಯಾಪಕ ಈ ಮುಳ್ಳುಮರವನ್ನು ಸಾಲಾಗಿ ನೆಡಿರಿ ಎಂದು ಬೆನ್ನುಬಿದ್ದ. ರೈತರು ಹಣ್ಣನ್ನು ಚಳಿಗಾಲವಿಡೀ ಹೊರಗೆ ಕೊಳೆಯಲು ಬಿಟ್ಟು, ನೀರು ಬೆರೆಸಿ ಕಿವುಚಿ, ಆ ಬಗ್ಗಡವನ್ನು ಸಾಲಿಗೆ ಸುರಿಯುತ್ತಿದ್ದರು. ಸಸಿಗಳನ್ನು ಮತ್ತೆ ಮತ್ತೆ ಕತ್ತರಿಸಿ, ಕೊಂಬೆ ಹೆಣೆದರೆ ಕೆಲವೇ ವರ್ಷಗಳಲ್ಲಿ ಹಂದಿಯೂ ನುಸುಳದ ಬೇಲಿ. ಒಂದೆರಡು ವರ್ಷ ಕತ್ತರಿ ಮರೆತರೋ, ಬೇಲಿ ತೋಪಾಗಿ ಪಕ್ಕದ ಬೆಳೆಗೆ ನೆರಳು ಹಾಕುತ್ತಿತ್ತು.

1874ರಲ್ಲಿ ಅದೇ ಇಲಿನಾಯ್‌ನ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಅಗ್ಗ, ನೆರಳಿಲ್ಲ, ಕತ್ತರಿಸುವ ಕೆಲಸವಿಲ್ಲ. ಬೇಲಿಮರಕ್ಕೆ ಕೊಡಲಿ ಬಿತ್ತು. ಆದರೆ ತಂತಿಗೆ ಗೂಟ ಬೇಡವೇ? ಗೆದ್ದಲಿಗೂ ಕೊಳೆತಕ್ಕೂ ಜಗ್ಗದ ಈ ಚೇಗಿಗಿಂತ ಒಳ್ಳೆಯ ಗೂಟ ಆ ಸೀಮೆಯಲ್ಲಿ ಎಲ್ಲಿತ್ತು? ಹೀಗೆ ಕಡಿದ ಮರವೇ ತಂತಿ ಹೊತ್ತು ನಿಂತಿತು. ಕಾನ್ಸಾಸ್‌ನ ರೈತರು ಇಂದಿಗೂ ಇದರ ಗೂಟವನ್ನೇ ಹುಡುಕುತ್ತಾರೆ. ಮೊಳೆ ಹೊಡೆಯುವುದಿದ್ದರೆ ಮಾತ್ರ ಮರ ಹಸಿ ಇರುವಾಗಲೇ ಹೊಡೆಯಬೇಕು; ಒಣಗಿದ ಮೇಲೆ ಬಾಗುವುದು ಮೊಳೆ.