ಲೆಕ್ಕಕ್ಕಷ್ಟೇ ಸಾಯುವ ಸೈನಿಕರು

ಒಂದು ಸರಕು ಒಮ್ಮೆ ಚೆನ್ನಾಗಿ ಮಾರಾಟವಾದರೆ ಅದಕ್ಕೇ ಹೊಸ ಹೊದಿಕೆ ಹಾಕಿ ಮತ್ತೆ ಮಾರುವುದು ಮಾರುಕಟ್ಟೆಯ ಹಳೆಯ ಚಾಳಿ. ಸಿನಿಮಾ, ಧಾರಾವಾಹಿ, ಪತ್ತೇದಾರಿ ಕಾದಂಬರಿ ಯಾವುದೂ ಇದರಿಂದ ತಪ್ಪಿಸಿಕೊಂಡಿಲ್ಲ. ವಿಡಿಯೋ ಗೇಮುಗಳ ಲೋಕದಲ್ಲಿ ಈ ಚಾಳಿಗೆ ಉದಾಹರಣೆ ಬೇಕಾದಾಗಲೆಲ್ಲ ವಿಮರ್ಶಕರ ಬಾಯಿಗೆ ಬೇಗನೆ ಬರುವ ಹೆಸರು ಜಪಾನಿನ ಕೋಯೆ ಕಂಪೆನಿಯ 'ಡೈನೆಸ್ಟಿ ವಾರಿಯರ್ಸ್'. ಅದೇ ಕಥೆ, ಅದೇ ಯುದ್ಧ, ಅದೇ ಗುಂಡಿ ಎಂಬ ದೂರು ಈ ಸರಣಿಯ ಬೆನ್ನಿಗೆ ಎರಡು ದಶಕಗಳಿಂದ ಅಂಟಿಕೊಂಡಿದೆ. ದೂರು ಸುಳ್ಳಲ್ಲ. ಆದರೆ ಬೇಸರಕ್ಕೆ ಪುನರಾವರ್ತನೆಯೇ ಕಾರಣ ಎಂಬ ತೀರ್ಮಾನವನ್ನು ನಾವು ಒಪ್ಪಲಾರೆವು.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1997ರಲ್ಲಿ ಬಂದ ಮೊದಲ ಭಾಗ ಇಬ್ಬರು ವೀರರು ಎದುರುಬದುರು ನಿಂತು ಹೊಡೆದಾಡುವ ಸಾಧಾರಣ ಆಟ. 2000ದಲ್ಲಿ ಪ್ಲೇಸ್ಟೇಷನ್ 2 ಬಂದಾಗ ಕೋಯೆಯ ಒಮೆಗಾ ಫೋರ್ಸ್ ತಂಡ ಎರಡನೆಯ ಭಾಗವನ್ನು ಬೇರೆಯೇ ರೀತಿಯಲ್ಲಿ ಕಟ್ಟಿತು. ಈಗ ಆಟಗಾರ ಒಬ್ಬ ಸೇನಾನಿ. ಸುತ್ತ ಇಡೀ ರಣರಂಗ. ಚೌಕದ ಗುಂಡಿ ಒತ್ತುತ್ತ ಹೋದರೆ ಕತ್ತಿ ಬೀಸುತ್ತದೆ, ತ್ರಿಕೋನದ ಗುಂಡಿ ಒತ್ತಿದರೆ ಆ ಬೀಸಿಗೊಂದು ಮುಕ್ತಾಯ. ಹತ್ತಾರು ಸೈನಿಕರು ಒಮ್ಮೆಗೇ ಹಾರಿ ಬೀಳುತ್ತಾರೆ. ಎಷ್ಟು ಜನ ಬಿದ್ದರು ಎಂಬ ಸಂಖ್ಯೆ ಪರದೆಯ ಮೇಲೆ ಏರುತ್ತಲೇ ಇರುತ್ತದೆ. ಒಂದೇ ಯುದ್ಧದಲ್ಲಿ ಅದು ಸಾವಿರ ಮುಟ್ಟಿದರೆ ಆಟಗಾರನಿಗೆ ಕೋಡು. ಜಪಾನಿ ಹೆಸರಿನಲ್ಲಿರುವ 'ಮುಸೌ' ಎಂಬ ಪದಕ್ಕೆ ಸಾಟಿಯಿಲ್ಲದವನು ಎಂದರ್ಥ. (ಜಪಾನಿನಲ್ಲಿ ಇದನ್ನು ಹೊಸ ಸರಣಿಯ ಮೊದಲ ಭಾಗವೆಂದು ಎಣಿಸಿದ್ದರಿಂದ ಅಲ್ಲಿನ ಲೆಕ್ಕ ಉಳಿದ ಜಗತ್ತಿಗಿಂತ ಒಂದು ಹಿಂದೆ. ಎಷ್ಟನೆಯ ಭಾಗ ಎಂಬುದರಲ್ಲೇ ಗೊಂದಲವಿರುವ ಸರಣಿ ಇದು!)

ಕಥೆ ಚೀನಾದ್ದು. ಕ್ರಿ.ಶ. 184ರಲ್ಲಿ ಹಳದಿ ರುಮಾಲಿನ ರೈತ ಬಂಡಾಯದಿಂದ ಹಾನ್ ಸಾಮ್ರಾಜ್ಯ ಅಲುಗಾಡತೊಡಗಿತು. ಮುಂದೆ ವೇ, ಶು, ವೂ ಎಂಬ ಮೂರು ರಾಜ್ಯಗಳಾಗಿ ದೇಶ ಹೋಳಾಯಿತು. ಮತ್ತೆ ಒಂದಾದದ್ದು 280ರಲ್ಲಿ. ಈ ನೂರು ವರ್ಷಗಳ ಕಥೆಯನ್ನು ಚೀನೀಯರು ಸಾವಿರ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಸೊಂಗ್ ಅರಸರ ಕಾಲದ ರಾಜಧಾನಿ ಕೈಫೆಂಗ್‌ನ ಸಂತೆ ಬೀದಿಗಳಲ್ಲಿ ಈ ಒಂದು ಕಥೆಯನ್ನಷ್ಟೇ ಹೇಳಿ ಬದುಕುತ್ತಿದ್ದ ಕಥೆಗಾರರಿದ್ದರು. ಹದಿನಾಲ್ಕನೆಯ ಶತಮಾನದ ಲುವೊ ಗುವಾನ್‌ಝೊಂಗ್‌ನದ್ದೆಂದು ಹೇಳಲಾಗುವ 'ಮೂರು ರಾಜ್ಯಗಳ ಕಥೆ' ಎಂಬ ಮಹಾಕಾದಂಬರಿ ಇಂಥ ಬಾಯಿಮಾತುಗಳಿಂದಲೂ ಚೆನ್ ಶೌ ಬರೆದ ಇತಿಹಾಸದಿಂದಲೂ ಬೆಳೆದು ಬಂದದ್ದು. ಹದಿನೇಳನೆಯ ಶತಮಾನದಲ್ಲಿ ಮಾವೊ ಝೊಂಗ್‌ಗಾಂಗ್ ಅದನ್ನು ತಿದ್ದಿ 120 ಅಧ್ಯಾಯಗಳಲ್ಲಿ ಕೊಟ್ಟ. ಇಂದು ಜನ ಓದುವುದು ಅದನ್ನೇ. ಇಷ್ಟು ಸಲ ಹೇಳಿಯೂ ಹಳಸದ ಕಥೆ ಒಂದು ಗೇಮ್ ಕಂಪೆನಿಯ ಕೈಯಲ್ಲಿ ಹತ್ತು ವರ್ಷಗಳಲ್ಲೇ ಹಳಸಿತೆಂದರೆ ದೋಷವನ್ನು ಬೇರೆ ಕಡೆ ಹುಡುಕಬೇಕು.

ಮೊದಲಿನ ಭಾಗಗಳನ್ನು ಇಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವು ಬಡ ಆಟಗಳು. ಯಂತ್ರದ ಶಕ್ತಿ ಸಾಲದೆ ದೂರದ್ದೆಲ್ಲ ಮಂಜಿನಲ್ಲಿ ಮುಚ್ಚಿಹೋಗುತ್ತಿತ್ತು. ಸೈನಿಕರು ಆ ಮಂಜಿನಿಂದ ದಿಢೀರನೆ ಮೂಡಿಬರುತ್ತಿದ್ದರು. ಆದರೂ ಅಲ್ಲಿ ಭಯವಿತ್ತು. ನೀವು ಪೂರ್ವದ ದಿಕ್ಕಿನಲ್ಲಿ ಹೊಡೆದಾಡುತ್ತಿರುವಾಗ ಪಶ್ಚಿಮದಲ್ಲಿ ನಿಮ್ಮವರು ಸೋಲುತ್ತಿದ್ದರೆ ಪಡೆಯ ಸ್ಥೈರ್ಯ ಕುಸಿಯುತ್ತಿತ್ತು. ನಿಮ್ಮ ಪಡೆಯ ದಳಪತಿ ಸತ್ತರೆ ನೀವೆಷ್ಟೇ ಜನರನ್ನು ಕೆಡವಿದ್ದರೂ ಸೋತಂತೆಯೇ. ಹುಲಾವೊ ಕೋಟೆಬಾಗಿಲಲ್ಲಿ ಲ್ಯೂ ಬು ಕುದುರೆಯೇರಿ ಬಂದನೆಂದರೆ ಜಾಣ ಆಟಗಾರ ಓಡಿಹೋಗುತ್ತಿದ್ದ. 2001ರ ಮೂರನೆಯ ಭಾಗದಲ್ಲಿ ಪರದೆಯನ್ನು ಎರಡಾಗಿ ಸೀಳಿ ಇಬ್ಬರು ಒಟ್ಟಿಗೆ ಆಡುವ ಏರ್ಪಾಡು ಬಂತು. ಅಣ್ಣ ಒಂದು ಕಡೆ ಬಾಗಿಲು ಕಾಯುವುದು, ತಮ್ಮ ಇನ್ನೊಂದು ಕಡೆ ದಳಪತಿಯನ್ನು ಉಳಿಸುವುದು. ಮನೆಯ ಜಗುಲಿಯಲ್ಲಿ ಚೆನ್ನೆಮಣೆ ಹಾಸಿಕೊಂಡಷ್ಟೇ ಸಹಜವಾದ ಆಟ ಅದು.

ಅಲ್ಲಿಂದ ಮುಂದೆ ಕಂಪೆನಿ ಮಾಡಿದ್ದೇನು? 2003ರಲ್ಲಿ ನಾಲ್ಕನೆಯದು, 2005ರಲ್ಲಿ ಐದನೆಯದು. ಇವುಗಳ ನಡುವೆ 'ಎಕ್ಸ್‌ಟ್ರೀಮ್ ಲೆಜೆಂಡ್ಸ್' ಎಂಬ ಬಾಲಂಗೋಚಿಗಳು. ಅವುಗಳ ಪೂರ್ತಿ ಲಾಭ ಸಿಗಬೇಕಾದರೆ ಮೂಲದ ತಟ್ಟೆಯೂ ಕೈಯಲ್ಲಿರಬೇಕು. ಜೊತೆಗೆ 'ಎಂಪೈರ್ಸ್' ಎಂಬ ಇನ್ನೊಂದು ಕವಲು. 2004ರಲ್ಲಿ ಜಪಾನಿನ ಸಮುರಾಯ್‌ಗಳನ್ನಿಟ್ಟು ಅದೇ ಅಚ್ಚಿನ 'ಸಮುರಾಯ್ ವಾರಿಯರ್ಸ್'. 2007ರಲ್ಲಿ ಎರಡನ್ನೂ ಬೆರೆಸಿ 'ವಾರಿಯರ್ಸ್ ಒರೋಚಿ'. ಅದೇ ವರ್ಷ ಗುಂಡಮ್ ಎಂಬ ಯಂತ್ರಮಾನವರ ಕಥೆಗೂ ಇದೇ ಅಂಗಿ. ಆಟಗಾರನಿಗೆ ಉಸಿರಾಡಲು ಬಿಡುವೇ ಇರಲಿಲ್ಲ.

ಪ್ರತಿ ಸಲವೂ ಹೆಚ್ಚಿದ್ದು ಸಂಖ್ಯೆ ಮಾತ್ರ. ಎರಡನೆಯ ಭಾಗದಲ್ಲಿ ಆಡಲು ಸಿಗುವ ಸೇನಾನಿಗಳು 28, ಐದನೆಯದರಲ್ಲಿ 48, 2018ರ ಒಂಬತ್ತನೆಯದರಲ್ಲಿ 90. ಇಷ್ಟು ಜನರಿಗೆ ಬೇರೆ ಬೇರೆ ಆಯುಧ, ಬೇರೆ ಬೇರೆ ವರಸೆ ಕೊಡುವುದು ಸುಲಭವಲ್ಲ. ಹಾಗಾಗಿ ಒಬ್ಬನ ವರಸೆಯನ್ನು ಇನ್ನೊಬ್ಬನಿಗೆ ತೊಡಿಸುವ ಕೆಲಸ ಆರನೆಯ ಭಾಗದಲ್ಲೇ ಶುರುವಾಯಿತು. ಒಂಬತ್ತನೆಯದರಲ್ಲಿ ಚೀನಾ ದೇಶವನ್ನೇ ಒಂದೇ ಬಯಲಾಗಿ ಹರಡಿ ಎಲ್ಲಿ ಬೇಕಾದರೂ ಹೋಗಿ ಎಂದರು. ಹೋದರೆ ಅಲ್ಲಿ ಇದ್ದದ್ದು ಬರಿಯ ಬಯಲು. ಕೋಟೆಯ ಗೋಡೆಗೆ ಕೊಕ್ಕೆ ಎಸೆದು ಹತ್ತಿ, ಬಾಗಿಲಿನ ಕಾದಾಟವನ್ನು ಪೂರ್ತಿ ಬಿಟ್ಟು ನೇರ ದಳಪತಿಯನ್ನು ಮುಗಿಸಿಬಿಡಬಹುದಿತ್ತು. ಮುತ್ತಿಗೆಯ ಆಟದಲ್ಲಿ ಮುತ್ತಿಗೆಯೇ ಬೇಡವಾಯಿತು. ಇಬ್ಬರು ಒಟ್ಟಿಗೆ ಆಡುವ ಏರ್ಪಾಡಂತೂ ಬಿಡುಗಡೆಯ ಹೊತ್ತಿಗೆ ಮಾಯವಾಗಿತ್ತು.

ಆದರೆ ಬೇಸರದ ಬೇರು ಇನ್ನೂ ಆಳದಲ್ಲಿದೆ. ಅದನ್ನು ಕಾಣಬೇಕಾದರೆ ಮೂಲ ಕಾದಂಬರಿಯ 90, 91ನೆಯ ಅಧ್ಯಾಯಗಳಿಗೆ ಹೋಗಬೇಕು. ಶು ರಾಜ್ಯದ ಮಂತ್ರಿ ಝೂಗೆ ಲಿಯಾಂಗ್ ದಕ್ಷಿಣದ ಕಾಡುಗಳಲ್ಲಿ ಮೆಂಗ್ ಹುವೊ ಎಂಬ ದೊರೆಯ ಮೇಲೆ ದಂಡೆತ್ತಿ ಹೋಗುತ್ತಾನೆ. ಏಳು ಸಲ ಸೆರೆಹಿಡಿದು ಏಳು ಸಲವೂ ಬಿಡುತ್ತಾನೆ. ಕೊನೆಯ ಕಾಳಗದಲ್ಲಿ ಎಣ್ಣೆಯಲ್ಲಿ ನೆನೆಸಿದ ಬೆತ್ತದ ಕವಚ ತೊಟ್ಟ 30 ಸಾವಿರ ಸೈನಿಕರನ್ನು ಕಣಿವೆಯೊಂದಕ್ಕೆ ಸೆಳೆದು ಬೆಂಕಿ ಹಚ್ಚಿಸುತ್ತಾನೆ. ಬೆಟ್ಟದ ಮೇಲಿಂದ ಅದನ್ನು ನೋಡಿ ಅಳುತ್ತಾನೆ. ನಾಡಿಗೆ ಒಳಿತಾದರೂ ಈ ಪಾಪದಿಂದ ತನ್ನ ಆಯುಷ್ಯ ಕಡಿಮೆಯಾಗುವುದು ಖಂಡಿತ ಎನ್ನುತ್ತಾನೆ. ಹಿಂದಿರುಗುವಾಗ ಲೂ ನದಿ ಉಕ್ಕಿ ದಾಟಲು ಬಿಡುವುದಿಲ್ಲ. ಯುದ್ಧದಲ್ಲಿ ಸತ್ತವರ ಪ್ರೇತಗಳು ರಾತ್ರಿಯಿಡೀ ಅಳುತ್ತಿವೆ, 49 ಮನುಷ್ಯರ ತಲೆ ಒಪ್ಪಿಸಿದರೆ ಮಾತ್ರ ನದಿ ಶಾಂತವಾಗುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಇನ್ನೊಬ್ಬನನ್ನೂ ಕೊಲ್ಲಲಾರೆ ಎನ್ನುತ್ತಾನೆ ಝೂಗೆ ಲಿಯಾಂಗ್. ಹಿಟ್ಟು ನಾದಿಸಿ, ಒಳಗೆ ಮಾಂಸ ತುಂಬಿಸಿ, ತಲೆಯ ಆಕಾರದ 49 ಉಂಡೆಗಳನ್ನು ಮಾಡಿಸುತ್ತಾನೆ. ಮಂತೌ ಎಂಬ ಚೀನೀ ತಿನಿಸು ಹುಟ್ಟಿದ್ದು ಹೀಗೆ ಎಂಬುದು ಐತಿಹ್ಯ. ತನ್ನ ಕಡೆಯ ಸತ್ತವರನ್ನೂ ಎದುರಾಳಿಯ ಸತ್ತವರನ್ನೂ ನೆನೆದು ನದಿ ದಡದಲ್ಲಿ ಗಟ್ಟಿಯಾಗಿ ಅಳುತ್ತಾನೆ. ಇತಿಹಾಸದಲ್ಲಿ ನಡೆದದ್ದು 225ರ ದಂಡಯಾತ್ರೆ ಮಾತ್ರ. ಉಳಿದದ್ದು ಕಥೆಗಾರರು ಸೇರಿಸಿದ್ದು. ಸಂತೆಯಲ್ಲಿ ಕಥೆ ಕೇಳುತ್ತಿದ್ದವರ ಮಕ್ಕಳೇ ಅಂಥ ದಂಡುಗಳಲ್ಲಿ ಹೆಸರಿಲ್ಲದೆ ಸಾಯುತ್ತಿದ್ದವರು. ಅವರಿಗಾಗಿ ಒಬ್ಬ ಮಹಾಮಂತ್ರಿ ಅಳುವುದನ್ನು ಅವರು ಕೇಳಬಯಸಿದ್ದರಲ್ಲಿ ಆಶ್ಚರ್ಯವೇನು?

ಆಟದಲ್ಲಿ ಈ ದಂಡಯಾತ್ರೆ ಮತ್ತೆ ಮತ್ತೆ ಬಂದಿದೆ. ಕಾಡಿದೆ, ಆನೆಗಳಿವೆ, ಮೆಂಗ್ ಹುವೊನ ಅಬ್ಬರವಿದೆ, ಅವನ ಹೆಂಡತಿ ಝೂರೊಂಗ್ ಬೀಸುವ ಬೂಮರಾಂಗ್ ಇದೆ. ಇಡೀ ಪ್ರಸಂಗ ನಗೆಯಾಟದಂತೆ ಸಾಗುತ್ತದೆ. ನದಿ ದಡದ ಅಳು ನಾವು ನೋಡಿದ ಭಾಗಗಳಲ್ಲಿ ಎಲ್ಲೂ ಇಲ್ಲ. ಮಂತೌ ಮಾತ್ರ ಉಳಿದಿದೆ! ರಣರಂಗದಲ್ಲಿ ಪೆಟ್ಟಿಗೆ, ಮಡಕೆ ಒಡೆದರೆ ಮಾಂಸ ತುಂಬಿದ ಬನ್ನು ಸಿಗುತ್ತದೆ. ಅದನ್ನು ಜಪಾನೀಯರು ನಿಕುಮಾನ್ ಎನ್ನುತ್ತಾರೆ. ಮಂತೌ ಎಂಬ ಪದವೇ ಜಪಾನಿಗೆ ಹೋಗಿ ಮಾಂಜೂ ಆಗಿ, ನಿಕುಮಾನ್‌ನಲ್ಲಿ 'ಮಾನ್' ಆಗಿ ಉಳಿದದ್ದು. ತಿಂದರೆ ಸೇನಾನಿಯ ಪ್ರಾಣದ ಪಟ್ಟಿ ತುಂಬಿಕೊಳ್ಳುತ್ತದೆ, ಅವನು ಇನ್ನಷ್ಟು ಜನರನ್ನು ಕೊಲ್ಲಲು ಸಜ್ಜಾಗುತ್ತಾನೆ. ಸತ್ತವರಿಗೆ ಇಟ್ಟ ಎಡೆ ಕೊಂದವನ ತಿಂಡಿಯಾದದ್ದು ಹೀಗೆ. ಇದನ್ನು ಯಾರೂ ಬೇಕೆಂದು ಮಾಡಿರಲಾರರು. ಆದರೆ ಈ ಸರಣಿ ಮೂಲದಿಂದ ಏನನ್ನು ತೆಗೆದುಕೊಂಡಿತು, ಏನನ್ನು ಬಿಟ್ಟಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ವಿಪರ್ಯಾಸವೆಂದರೆ ಇದೇ ಕೋಯೆ 1985ರಲ್ಲಿ ಇದೇ ಕಾದಂಬರಿಯ ಹೆಸರಿನಲ್ಲಿ ರಾಜ್ಯಭಾರದ ಆಟವೊಂದನ್ನು ತಂದಿತ್ತು. ಅದರಲ್ಲಿ ದಂಡು ಕಟ್ಟಬೇಕಾದರೆ ಅದಕ್ಕೆ ಅಕ್ಕಿ ಒದಗಿಸಬೇಕು. ಸೈನಿಕನಿಗೆ ಮುಖವಿಲ್ಲದಿದ್ದರೂ ಹೊಟ್ಟೆಯಿತ್ತು. 'ಡೈನೆಸ್ಟಿ ವಾರಿಯರ್ಸ್'ನ ಸೈನಿಕ ಹುಲ್ಲುಕಡ್ಡಿ. ಹುಲ್ಲು ಕೊಯ್ಯುವವನಿಗೆ ಎಷ್ಟು ಹೊತ್ತು ಉತ್ಸಾಹ ಉಳಿದೀತು? ಹೊಸ ಕುಡುಗೋಲು ಕೊಟ್ಟರೂ ಅಷ್ಟೇ, 90 ಬಗೆಯ ಕುಡುಗೋಲು ಕೊಟ್ಟರೂ ಅಷ್ಟೇ.

ಸರಣಿಯಲ್ಲಿ ಇದು ಹೊಳೆದವರೇ ಇರಲಿಲ್ಲ ಎನ್ನಲಾಗದು. ಮೊದಲೆಲ್ಲ ಸೋತ ಸೇನಾನಿ ಹೆಚ್ಚಾಗಿ ಹಿಂದೆ ಸರಿದು ಮುಂದಿನ ಯುದ್ಧಕ್ಕೆ ಹಾಜರಾಗುತ್ತಿದ್ದ. 2011ರ ಏಳನೆಯ ಭಾಗದಲ್ಲಿ ರಾಜ್ಯವೊಂದರ ಕಥೆಯನ್ನು ತಲೆಮಾರುಗಳ ಉದ್ದಕ್ಕೂ ಹೇಳಿದರು. ಅಲ್ಲಿ ಸತ್ತವನು ಸತ್ತ. ಗುವಾನ್ ಯು ಸತ್ತ ಮೇಲೆ ಅವನಿಲ್ಲದೆ ಮುಂದುವರಿಯಬೇಕು. 2013ರ ಎಂಟನೆಯದರಲ್ಲಿ ಕೆಲವು ಸಾವುಗಳನ್ನು ತಡೆದರೆ ಇತಿಹಾಸದ ದಾರಿಯೇ ಬದಲಾಗುವ ಕಲ್ಪನೆ ತಂದರು. ಸಾವಿಗೆ ಬೆಲೆ ಬಂದೊಡನೆ ಆಟಕ್ಕೂ ಜೀವ ಬಂದದ್ದನ್ನು ಆಡಿದವರು ಬಲ್ಲರು. ಆದರೆ ಆ ಬೆಲೆ ಹೆಸರುಳ್ಳವರ ಸಾವಿಗೆ ಮಾತ್ರ. ಈ ನಡುವೆ 2014ರಲ್ಲಿ ನಿಂಟೆಂಡೊ ಕಂಪೆನಿಯ 'ಜೆಲ್ಡಾ' ಪಾತ್ರಗಳನ್ನಿಟ್ಟು ಮಾಡಿದ 'ಹೈರೂಲ್ ವಾರಿಯರ್ಸ್' ಮತ್ತು ಅದರ 2020ರ ಮುಂದಿನ ಕಂತು ಚೆನ್ನಾಗಿ ಓಡಿದವು. ಎರಡನೆಯದು 30 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಬೇರೆಯವರ ಕಥೆಯ ಮೇಲೆ ಜನರಿಗಿದ್ದ ಪ್ರೀತಿ ಅದು. ಸ್ವಂತ ಮನೆಯ ದೀಪಕ್ಕೆ ಅದರಿಂದ ಎಣ್ಣೆ ಬೀಳಲಿಲ್ಲ.

2025ರ ಜನವರಿಯಲ್ಲಿ ಬಂದ 'ಒರಿಜಿನ್ಸ್' ಈ ದೃಷ್ಟಿಯಿಂದ ಗಮನಿಸಬೇಕಾದ್ದು. ಸಂಖ್ಯೆಯನ್ನು ಹೆಸರಿನಿಂದಲೇ ತೆಗೆದುಹಾಕಿದರು. 90 ಜನರ ಬದಲು ನೆನಪು ಕಳೆದುಕೊಂಡ, ಹೆಸರಿಲ್ಲದ ಒಬ್ಬ ಅಲೆಮಾರಿ. ಆಗಾಗ ಸ್ವಲ್ಪ ಹೊತ್ತು ಕೈಗೆ ಸಿಗುವ ಒಂಬತ್ತು ಜೊತೆಗಾರರು. ಸೈನಿಕರು ಇಲ್ಲಿ ಮಂಜಿನಿಂದ ಮೂಡುವುದಿಲ್ಲ. ದಿಗಂತದವರೆಗೆ ಸಾಲುಗಟ್ಟಿ ಒಂದೇ ಜೀವದಂತೆ ನಡೆದುಬರುತ್ತಾರೆ. ಅವರಿಗೆ ಸ್ಥೈರ್ಯವಿದೆ, ಅದು ಕುಗ್ಗುತ್ತದೆ, ಹಿಗ್ಗುತ್ತದೆ. ಒಬ್ಬನೇ ನುಗ್ಗಿದರೆ ಪೆಟ್ಟು ತಿನ್ನಬೇಕು. ಒಂದು ತಿಂಗಳ ಆಸುಪಾಸಿನಲ್ಲೇ ಹತ್ತು ಲಕ್ಷ ಪ್ರತಿ ಮಾರಾಟವಾದದ್ದಾಗಿ ಕೋಯೆ ಟೆಕ್ಮೊ (2009ರ ವಿಲೀನದ ನಂತರ ಕಂಪೆನಿಯ ಹೆಸರು ಇದು) ಹೇಳಿಕೊಂಡಿತು. ಕಥೆ ಮಾತ್ರ ಅದೇ ಹಳೆಯ ಕಥೆ: ಹಳದಿ ರುಮಾಲು, ಹುಲಾವೊ ಬಾಗಿಲು, ಓಡುವ ಲಿಯು ಬೇ, ಅಟ್ಟಿಬರುವ ತ್ಸಾವೊ ತ್ಸಾವೊ. ಪುನರಾವರ್ತನೆಯೇ ರೋಗವಾಗಿದ್ದರೆ ಈ ಆಟ ಮೊದಲ ದಿನವೇ ಸಾಯಬೇಕಿತ್ತು. ಅಣ್ಣತಮ್ಮಂದಿರು ಒಟ್ಟಿಗೆ ಕೂತು ಆಡುವ ಅವಕಾಶ ಮಾತ್ರ ಇದರಲ್ಲೂ ಇಲ್ಲ. ಅದನ್ನು ನಾವು ಸಣ್ಣ ಕೊರತೆ ಎನ್ನಲಾರೆವು.

'ಒರಿಜಿನ್ಸ್'ನ ಕಥೆ 208ರ ಕೆಂಪು ಬಂಡೆಗಳ ಕಾಳಗದ ಹೊತ್ತಿಗೆ ನಿಲ್ಲುತ್ತದೆ. ಮುಂದಿನ ಕಂತು ಇದೇ ದಾರಿಯಲ್ಲಿ ಸಾಗಿದರೆ 17 ವರ್ಷಗಳಾಚೆ ದಕ್ಷಿಣದ ಕಾಡು ಸಿಗುತ್ತದೆ, ಬೆತ್ತದ ಕವಚದ ಸೈನಿಕರು ಸಿಗುತ್ತಾರೆ, ಅದಾದ ಮೇಲೆ ಲೂ ನದಿ.